ಕುಡಿಯುವ ನೀರು: ಪರೀಕ್ಷೆಯೂ ವರದಿಯೂ

ಬಾಯಾರಿದವರಿಗೆ ನೀರು ಕೊಡುವುದನ್ನು ನಮ್ಮ ನಾಡು ಬಹು ಹಿಂದಿನಿಂದಲೂ ದೊಡ್ಡ ಧರ್ಮವೆಂದು ಎಣಿಸಿಕೊಂಡು ಬಂದಿದೆ. ಕೆರೆಯನ್ನು ಕಟ್ಟಿಸಿದವರ, ಬಾವಿಯನ್ನು ತೋಡಿಸಿದವರ, ದಾರಿಯ ಬದಿಯಲ್ಲಿ ಅರವಟ್ಟಿಗೆಯನ್ನು ಇಡಿಸಿದವರ ಹೆಸರುಗಳನ್ನು ಶಾಸನಗಳು ಕಾಪಾಡಿಕೊಂಡಿವೆ. ಇಂದಿಗೂ ಶಾಲೆಗೆ ನೆರವಾಗಬೇಕೆಂದು ಬಯಸುವ ದಾನಿಗಳು ಮೊದಲು ವಿಚಾರಿಸುವ ಸಂಗತಿಗಳಲ್ಲಿ ನೀರೂ ಒಂದು. ಕೊಳವೆ ಬಾವಿಯನ್ನು ಕೊರೆಯಿಸಿಕೊಡಲೆ, ತೊಟ್ಟಿಯನ್ನು ಕಟ್ಟಿಸಿಕೊಡಲೆ, ಶುದ್ಧೀಕರಣದ ಯಂತ್ರವನ್ನು ಕೂಡಿಸಿಕೊಡಲೆ ಎಂದು ಅವರು ಕೇಳುತ್ತಾರೆ. ಇವೆಲ್ಲವೂ ಕಣ್ಣಿಗೆ ಕಾಣುವ ದಾನಗಳು. ಇವುಗಳ ಮೇಲೆ ಹೆಸರಿನ ಕಲ್ಲನ್ನು ಇರಿಸಬಹುದು. ಆದರೆ ಆ ಬಾವಿಯ ನೀರು ಈ ದಿನ ಕುಡಿಯಲು ತಕ್ಕುದಾಗಿದೆಯೇ, ಮುಂದಿನ ಮಳೆಗಾಲದಲ್ಲಿಯೂ ಹಾಗೆಯೇ ಉಳಿಯುವುದೇ, ತಕ್ಕುದಲ್ಲವೆಂದು ಕಂಡುಬಂದರೆ ಆ ಸಂಗತಿಯನ್ನು ಯಾರು, ಯಾರಿಗೆ, ಎಷ್ಟು ಹೊತ್ತಿನೊಳಗೆ ತಿಳಿಸಬೇಕು ಎಂಬ ಪ್ರಶ್ನೆಗಳನ್ನು ಕೇಳುವವರು ವಿರಳ. ಈ ಪ್ರಶ್ನೆಗಳಿಗೆ ವಿಜ್ಞಾನವೂ ಅನುಭವವೂ ಕೊಟ್ಟಿರುವ ಉತ್ತರಗಳನ್ನು ಅಧ್ಯಾಪಕ ಬಂಧುಗಳ, ಹಳೆಯ ವಿದ್ಯಾರ್ಥಿಗಳ ಹಾಗೂ ದಾನಿಗಳ ಮುಂದೆ ಇಡುವುದೇ ಪ್ರಕೃತ ಲೇಖನದ ಉದ್ದೇಶ.

ಮನೆಯ ಹಿತ್ತಲಿನ ಬಾವಿ ಕೆಟ್ಟರೆ ಒಂದು ಮನೆಗೆ ಕೇಡು. ಊರಿಗೆಲ್ಲ ಒಂದೇ ತೊಟ್ಟಿಯಿಂದ, ಒಂದೇ ಕೊಳವೆಯ ಜಾಲದಿಂದ ನೀರು ಹರಿಯುವಾಗ ಒಂದು ತಪ್ಪು ಒಂದೇ ದಿನದಲ್ಲಿ ಊರನ್ನೆಲ್ಲ ಮುಟ್ಟುತ್ತದೆ. ಸಾರ್ವಜನಿಕ ನೀರಿನ ವ್ಯವಸ್ಥೆಯು ತಂದುಕೊಟ್ಟ ಸುಖದ ಜೊತೆಯಲ್ಲಿಯೇ ಈ ಹೊಣೆಯೂ ಬಂದಿದೆ. ನಲ್ಲಿಯನ್ನು ತಿರುಗಿಸಿ ಬಿಂದಿಗೆಯನ್ನು ಹಿಡಿಯುವ ತಾಯಿಗೆ ಆ ನೀರು ಎಲ್ಲಿಂದ ಬಂತು, ಯಾವ ಕೊಳವೆಯಲ್ಲಿ ಹಾದು ಬಂತು ಎಂಬುದು ತಿಳಿಯದು. ತಿಳಿಯದವರ ಪರವಾಗಿ ತಿಳಿದುಕೊಳ್ಳುವುದು ಪರೀಕ್ಷೆಯ ಕೆಲಸ. ತಿಳಿದುದನ್ನು ಅವರಿಗೆ ಮುಟ್ಟಿಸುವುದು ವರದಿಯ ಕೆಲಸ. ಇವೆರಡರಲ್ಲಿ ಒಂದನ್ನು ಬಿಟ್ಟರೆ ಇನ್ನೊಂದು ನಿಷ್ಫಲವಾಗುತ್ತದೆ.

ನೋಟಕ್ಕೂ ನಾಲಗೆಗೂ ನಿಲುಕದ ದೋಷ

ತಿಳಿಯಾಗಿ ಕಾಣುವ ನೀರು ಒಳ್ಳೆಯ ನೀರೆಂಬ ನಂಬಿಕೆ ನಮ್ಮಲ್ಲಿ ಬೇರೂರಿದೆ. ರುಚಿಯಾಗಿದ್ದರಂತೂ ಸಂದೇಹಕ್ಕೆ ಎಡೆಯೇ ಇಲ್ಲ. ಈ ನಂಬಿಕೆ ಎಷ್ಟು ಅಪಾಯಕರವೆಂಬುದನ್ನು 1854ರಲ್ಲಿ ಲಂಡನ್ ನಗರದಲ್ಲಿ ನಡೆದ ಘಟನೆ ತೋರಿಸಿಕೊಟ್ಟಿತು. ಆ ವರ್ಷದ ಆಗಸ್ಟ್ ತಿಂಗಳ ಕೊನೆಯಲ್ಲಿ ಅಲ್ಲಿನ ಬ್ರಾಡ್ ಬೀದಿಯ ಸುತ್ತಮುತ್ತ ಕಾಲರಾ ರೋಗವು ಭೀಕರವಾಗಿ ಹಬ್ಬಿ ಆರುನೂರಕ್ಕೂ ಹೆಚ್ಚು ಜನರನ್ನು ಬಲಿ ತೆಗೆದುಕೊಂಡಿತು. ಡಾಕ್ಟರ್ ಜಾನ್ ಸ್ನೋ ಎಂಬ ವೈದ್ಯರು ಮನೆಮನೆಗೆ ಹೋಗಿ, ಸತ್ತವರು ಯಾವ ನೀರನ್ನು ಕುಡಿಯುತ್ತಿದ್ದರೆಂದು ವಿಚಾರಿಸಿದರು. ಸಾವುಗಳೆಲ್ಲ ಆ ಬೀದಿಯ ಕೈಪಂಪಿನ ಸುತ್ತಲೂ ಗುಂಪುಗೂಡಿದ್ದುವು. ಬಹು ದೂರದ ಹ್ಯಾಂಪ್‌ಸ್ಟೆಡ್ ಭಾಗದಲ್ಲಿ ಒಬ್ಬ ವಿಧವೆಯೂ ಕಾಲರಾದಿಂದ ತೀರಿಕೊಂಡಿದ್ದಳು. ವಿಚಾರಿಸಲಾಗಿ, ಆಕೆಗೆ ಬ್ರಾಡ್ ಬೀದಿಯ ಪಂಪಿನ ನೀರಿನ ರುಚಿ ಬಹಳ ಹಿಡಿಸಿದ್ದುದರಿಂದ ಅಲ್ಲಿಂದ ನೀರನ್ನು ಗಾಡಿಯಲ್ಲಿ ತರಿಸಿಕೊಳ್ಳುತ್ತಿದ್ದಳೆಂದು ತಿಳಿದುಬಂತು. ರುಚಿಯೇ ಆಕೆಯ ಪಾಲಿಗೆ ಮೃತ್ಯುವಾಯಿತು. ಸ್ನೋ ಅವರ ಮಾತಿನಂತೆ ಸೆಪ್ಟೆಂಬರ್ 8ರಂದು ಆ ಪಂಪಿನ ಹಿಡಿಯನ್ನು ತೆಗೆಸಲಾಯಿತು. ರೋಗದ ಉಬ್ಬರ ಅಷ್ಟರಲ್ಲಾಗಲೇ ಇಳಿಯತೊಡಗಿತ್ತಾದರೂ, ನೀರಿನಲ್ಲಿ ಕಣ್ಣಿಗೆ ಕಾಣದ ರೋಗಕಾರಣವೊಂದು ಇರಬಲ್ಲುದೆಂಬ ಅರಿವು ಅಲ್ಲಿಂದ ಮೊದಲಾಯಿತು. ಮೂವತ್ತು ವರ್ಷಗಳ ತರುವಾಯ, 1884ರಲ್ಲಿ, ಜರ್ಮನಿಯ ರಾಬರ್ಟ್ ಕಾಕ್ ಅವರು ನಮ್ಮ ಕಲ್ಕತ್ತೆಯಲ್ಲಿ ಸಂಶೋಧನೆ ನಡೆಸಿ ಕಾಲರಾದ ಸೂಕ್ಷ್ಮಾಣುವನ್ನು ಬೇರ್ಪಡಿಸಿ ತೋರಿಸಿದರು.

ಯಾವುದನ್ನು ಅಳೆಯಬೇಕು?

ನೀರಿನಲ್ಲಿರುವ ದೋಷಗಳನ್ನು ಎರಡು ಬಗೆಯಾಗಿ ವಿಂಗಡಿಸಬಹುದು: ಬೇಗ ಕೊಲ್ಲುವವು ಮತ್ತು ನಿಧಾನವಾಗಿ ಕೆಡಿಸುವವು. ಮೊದಲನೆಯವು ಮಲಮೂತ್ರಗಳ ಸಂಪರ್ಕದಿಂದ ಬರುವ ರೋಗಾಣುಗಳು. ಕಾಲರಾ, ವಿಷಮಶೀತಜ್ವರ, ಆಮಶಂಕೆ, ಕಾಮಾಲೆಯ ಕೆಲವು ಬಗೆಗಳು ಹೀಗೆ ಹರಡುತ್ತವೆ. ಎರಡನೆಯವು ಫ್ಲೋರೈಡ್, ನೈಟ್ರೇಟ್, ಆರ್ಸೆನಿಕ್‌ಗಳಂತಹ ರಾಸಾಯನಿಕಗಳು. ಅವುಗಳ ಪೈಕಿ ನೈಟ್ರೇಟು ಎಳೆಯ ಹಸುಳೆಗಳ ವಿಷಯದಲ್ಲಿ ಶೀಘ್ರವಾಗಿಯೂ ಅಪಾಯ ತರಬಲ್ಲುದು.

ರೋಗಾಣುಗಳಲ್ಲಿ ನೂರಾರು ಬಗೆ. ಒಂದೊಂದನ್ನೂ ಹುಡುಕುತ್ತ ಹೋದರೆ ಕಾಲವೂ ಸಾಲದು, ಹಣವೂ ಸಾಲದು. ಆದುದರಿಂದ ವಿಜ್ಞಾನಿಗಳು ಒಂದು ಜಾಣತನದ ಮಾರ್ಗವನ್ನು ಕಂಡುಕೊಂಡಿದ್ದಾರೆ. ಮನುಷ್ಯರ ಮತ್ತು ದನಕರುಗಳ ಕರುಳಿನಲ್ಲಿ ಅಪಾರ ಸಂಖ್ಯೆಯಲ್ಲಿ ವಾಸಿಸುವ ಈ ಕೋಲಿ ಎಂಬ ಸೂಕ್ಷ್ಮಾಣುವನ್ನು ಮಾತ್ರ ಅವರು ಹುಡುಕುತ್ತಾರೆ. ಇದರ ಹೆಚ್ಚಿನ ತಳಿಗಳು ಸ್ವತಃ ಅಪಾಯಕಾರಿಗಳಲ್ಲ. ಆದರೆ ಇದು ನೀರಿನಲ್ಲಿ ಕಂಡುಬಂದಿತೆಂದರೆ ಮಲವು ಆ ನೀರನ್ನು ಸೇರಿದೆಯೆಂದು ಅರ್ಥ. ಮಲವು ಬಂದ ದಾರಿಯಲ್ಲಿ ರೋಗವೂ ಬರಬಲ್ಲುದು. ಹೊಗೆಯನ್ನು ಕಂಡು ಬೆಂಕಿಯನ್ನು ಊಹಿಸುವ ಕ್ರಮವಿದು. ಭಾರತೀಯ ಮಾನಕ ಬ್ಯೂರೋದ ಐ.ಎಸ್. 10500 ಎಂಬ ಮಾನಕವು ಕುಡಿಯುವ ನೀರಿಗೆ ನಮ್ಮ ದೇಶದ ಅಳತೆಗೋಲು. 1983ರಲ್ಲಿ ಮೊದಲು ಪ್ರಕಟವಾದ ಇದು 1991ರಲ್ಲಿಯೂ 2012ರಲ್ಲಿಯೂ ಪರಿಷ್ಕೃತವಾಯಿತು. ಇದರ ಪ್ರಕಾರ 100 ಮಿಲಿಲೀಟರ್ ನೀರಿನಲ್ಲಿ ಈ ಕೋಲಿಯು ಒಂದೂ ಕಾಣಿಸಕೂಡದು. ಇಲ್ಲಿ ಸ್ವಲ್ಪಮಟ್ಟಿಗೆ ಇರಬಹುದೆಂಬ ರಿಯಾಯಿತಿಯೇ ಇಲ್ಲ.

ರಾಸಾಯನಿಕಗಳ ವಿಷಯದಲ್ಲಿ ಇದೇ ಮಾನಕವು ಎರಡು ಗೆರೆಗಳನ್ನು ಎಳೆಯುತ್ತದೆ. ಒಂದು ಅಪೇಕ್ಷಣೀಯ ಮಿತಿ. ಇನ್ನೊಂದು, ಬೇರೆ ಮೂಲವೇ ದೊರೆಯದಿದ್ದಾಗ ಸಹಿಸಬಹುದಾದ ಕೊನೆಯ ಮಿತಿ. ಒಂದು ಲೀಟರು ನೀರಿನಲ್ಲಿ ಕರಗಿದ ಲವಣಾಂಶ 500 ಮಿಲಿಗ್ರಾಂ ಮೀರದಿರುವುದು ಲೇಸು, 2000 ಮೀರಕೂಡದು. ಗಡಸುತನಕ್ಕೆ 200 ಮತ್ತು 600, ಫ್ಲೋರೈಡಿಗೆ 1.0 ಮತ್ತು 1.5 ಮಿಲಿಗ್ರಾಂ ಈ ಎರಡು ಗೆರೆಗಳು. ನೈಟ್ರೇಟಿಗೆ 45 ಮಿಲಿಗ್ರಾಂ ಎಂಬ ಒಂದೇ ಗೆರೆಯಿದೆ. ಅದನ್ನು ದಾಟಲು ಅವಕಾಶವಿಲ್ಲ.

ನಮ್ಮ ನಾಡಿನ ಬಯಲು ಸೀಮೆಯವರಿಗೆ ಈ ಅಂಕಿಗಳಲ್ಲಿ ಫ್ಲೋರೈಡಿನದು ಮುಖ್ಯವಾದುದು. ಕೋಲಾರ, ತುಮಕೂರು, ಚಿತ್ರದುರ್ಗ, ಬಳ್ಳಾರಿ, ಕೊಪ್ಪಳ, ಗದಗ, ರಾಯಚೂರು ಮೊದಲಾದ ಜಿಲ್ಲೆಗಳ ಅನೇಕ ಕಡೆ ನೆಲದಾಳದ ಬಂಡೆಗಳಿಂದಲೇ ಫ್ಲೋರೈಡ್ ನೀರಿಗೆ ಇಳಿಯುತ್ತದೆ. ಭಾರತದಲ್ಲಿ ಈ ರೋಗವು ಮೊದಲು ವರದಿಯಾದದ್ದು 1937ರಲ್ಲಿ, ಅಂದಿನ ಮದರಾಸು ಪ್ರಾಂತ್ಯದ ನೆಲ್ಲೂರು ಜಿಲ್ಲೆಯಲ್ಲಿ. ಮಿತಿಮೀರಿದ ಫ್ಲೋರೈಡ್ ಮೊದಲು ಹಲ್ಲನ್ನು ಹಿಡಿಯುತ್ತದೆ. ಶಾಶ್ವತವಾದ ಹಲ್ಲುಗಳು ದವಡೆಯೊಳಗೆ ರೂಪುಗೊಳ್ಳುವ ಎಳೆಯ ವಯಸ್ಸಿನಲ್ಲಿ ಮಗುವು ಇಂತಹ ನೀರನ್ನು ಕುಡಿದರೆ, ಹಲ್ಲಿನ ಮೇಲೆ ಮೊದಲು ಸುಣ್ಣದಂತಹ ಬಿಳಿಯ ಮಚ್ಚೆಗಳೂ, ಬಳಿಕ ಕಂದು ಪಟ್ಟೆಗಳೂ ಮೂಡುತ್ತವೆ. ಇವು ಮತ್ತೆ ಅಳಿಸಿಹೋಗುವುದಿಲ್ಲ. ವರ್ಷಗಟ್ಟಲೆ ಕುಡಿಯುತ್ತ ಬಂದರೆ ಮೂಳೆ ಕೀಲುಗಳು ಬಿಗಿದು ಬೆನ್ನು ಬಾಗುತ್ತದೆ. ತರಗತಿಯಲ್ಲಿ ನಿಂತ ಅಧ್ಯಾಪಕರು ಎಷ್ಟೋ ವೇಳೆ ಮಕ್ಕಳ ನಗೆಯಲ್ಲಿಯೇ ಅವರ ಊರಿನ ನೀರಿನ ವರದಿಯನ್ನು ಓದಬಹುದಾಗಿದೆ. ಆದರೆ ಅದು ತಡವಾಗಿ ಬಂದ ವರದಿ. ಕೆಲವು ವರ್ಷಗಳ ಹಿಂದೆಯೇ ಬಾವಿಯ ಬಳಿ ಬರೆಯಬೇಕಾಗಿದ್ದ ವರದಿ.

ಇಲ್ಲಿ ಎರಡು ತಪ್ಪು ತಿಳಿವಳಿಕೆಗಳನ್ನು ನಿವಾರಿಸುವುದು ಅವಶ್ಯ. ನೀರನ್ನು ಕುದಿಸಿದರೆ ಎಲ್ಲ ದೋಷವೂ ಹೋಗುವುದೆಂದು ಹಲವರು ತಿಳಿದಿದ್ದಾರೆ. ಕುದಿಸುವುದರಿಂದ ರೋಗಾಣುಗಳು ಸಾಯುತ್ತವೆ, ನಿಜ. ಆದರೆ ಫ್ಲೋರೈಡ್ ಮತ್ತು ನೈಟ್ರೇಟ್ ಹೋಗುವುದಿಲ್ಲ. ನೀರು ಆವಿಯಾಗಿ ಕಡಿಮೆಯಾದಷ್ಟೂ ಅವುಗಳ ಪ್ರಮಾಣ ಏರುತ್ತದೆ. ಎರಡನೆಯದಾಗಿ, ಶುದ್ಧ ನೀರಿನ ಘಟಕಗಳಲ್ಲಿ ಲೇಖನಿಯಾಕಾರದ ಲವಣಮಾಪಕವನ್ನು ಅದ್ದಿ ತೋರಿಸಿ, ಅಂಕಿ ಕಡಿಮೆಯಿದೆ, ಆದುದರಿಂದ ನೀರು ಶುದ್ಧವೆಂದು ಹೇಳುವುದುಂಟು. ಆ ಉಪಕರಣವು ಕರಗಿದ ಲವಣಗಳ ಒಟ್ಟು ಮೊತ್ತವನ್ನು ಅಂದಾಜುಮಾಡುತ್ತದೆಯೇ ಹೊರತು ಅದರಲ್ಲಿ ಫ್ಲೋರೈಡ್ ಎಷ್ಟೆಂಬುದನ್ನಾಗಲಿ, ರೋಗಾಣುಗಳಿವೆಯೇ ಎಂಬುದನ್ನಾಗಲಿ ಹೇಳಲಾರದು. ಒಂದು ಪರೀಕ್ಷೆಯು ಯಾವ ಪ್ರಶ್ನೆಗೆ ಉತ್ತರ ಕೊಡುತ್ತದೆಂಬುದನ್ನು ತಿಳಿಯದೆ ಆ ಉತ್ತರವನ್ನು ನಂಬುವುದು ಪರೀಕ್ಷೆಯೇ ಇಲ್ಲದಿರುವುದಕ್ಕಿಂತ ಹೆಚ್ಚು ಅಪಾಯಕರ.

ಕ್ಲೋರಿನ್ ಎಂಬ ಕಾವಲುಗಾರ

ರೋಗಾಣುಗಳನ್ನು ನಾಶಪಡಿಸಲು ಊರಿನ ನೀರಿಗೆ ಕ್ಲೋರಿನ್ ಬೆರೆಸುವ ಪದ್ಧತಿ ಒಂದು ಶತಮಾನಕ್ಕೂ ಹಳೆಯದು. 1908ರಲ್ಲಿ ಅಮೆರಿಕದ ಜರ್ಸಿ ಸಿಟಿ ನಗರದ ನೀರಿಗೆ ಇದನ್ನು ನಿರಂತರವಾಗಿ ಬೆರೆಸಲು ಮೊದಲುಮಾಡಿದರು. ನಮ್ಮ ಗ್ರಾಮಗಳಲ್ಲಿ ಇದು ಬ್ಲೀಚಿಂಗ್ ಪೌಡರಿನ ರೂಪದಲ್ಲಿ ಬಳಕೆಯಾಗುತ್ತದೆ. ಲೆಕ್ಕ ಸುಲಭವಾದುದು. 50,000 ಲೀಟರಿನ ತೊಟ್ಟಿಗೆ ಲೀಟರಿಗೆ 2 ಮಿಲಿಗ್ರಾಂನಂತೆ ಕ್ಲೋರಿನ್ ಕೊಡಬೇಕಾದರೆ ಒಟ್ಟು 100 ಗ್ರಾಂ ಕ್ಲೋರಿನ್ ಬೇಕು. ಪುಡಿಯಲ್ಲಿ ನೂರಕ್ಕೆ 25 ಭಾಗ ಮಾತ್ರ ಕ್ಲೋರಿನ್ ಇದ್ದರೆ 400 ಗ್ರಾಂ ಪುಡಿಯನ್ನು ಬಕೆಟ್ಟಿನಲ್ಲಿ ಕದಡಿ, ಸುಣ್ಣದ ಗಸಿ ತಳಕ್ಕೆ ಇಳಿದ ಬಳಿಕ ಮೇಲಿನ ತಿಳಿಯನ್ನು ತೊಟ್ಟಿಗೆ ಬೆರೆಸಿ, ಅರ್ಧ ಗಂಟೆಯಾದರೂ ಬಿಟ್ಟು ನೀರನ್ನು ಹರಿಸಬೇಕು. ಬಾಯಿ ತೆರೆದ ಚೀಲದಲ್ಲಿ, ತೇವದ ಮೂಲೆಯಲ್ಲಿ ತಿಂಗಳುಗಟ್ಟಲೆ ಬಿದ್ದ ಪುಡಿಯು ತನ್ನ ಸತ್ವವನ್ನು ಕಳೆದುಕೊಂಡಿರುತ್ತದೆ. ಆಗ ಲೆಕ್ಕ ಸರಿಯಿದ್ದರೂ ಫಲವಿರುವುದಿಲ್ಲ.

ಆದುದರಿಂದ ಎಷ್ಟು ಹಾಕಿದೆವೆಂಬುದು ಮುಖ್ಯವಲ್ಲ, ಎಷ್ಟು ಉಳಿದಿದೆ ಎಂಬುದು ಮುಖ್ಯ. ನೀರಿನಲ್ಲಿ ಕೊಳೆ ಹೆಚ್ಚಿದ್ದಷ್ಟೂ ಅದು ಕ್ಲೋರಿನ್ನನ್ನು ನುಂಗುತ್ತದೆ. ನುಂಗಿ ಮುಗಿದ ಬಳಿಕ ಉಳಿದ ಭಾಗಕ್ಕೆ ಉಳಿಕೆ ಕ್ಲೋರಿನ್ ಎಂದು ಹೆಸರು. ಕೊನೆಯ ಮನೆಯ ನಲ್ಲಿಯಲ್ಲಿಯೂ ಲೀಟರಿಗೆ 0.2 ಮಿಲಿಗ್ರಾಂನಷ್ಟಾದರೂ ಇದು ಉಳಿದಿರಬೇಕು. ನಿನ್ನೆಯವರೆಗೆ ಉಳಿಯುತ್ತಿದ್ದ ಕ್ಲೋರಿನ್ ಇಂದು ಇದ್ದಕ್ಕಿದ್ದಂತೆ ಶೂನ್ಯವಾದರೆ, ದಾರಿಯಲ್ಲಿ ಎಲ್ಲಿಯೋ ಕೊಳೆಯು ಸೇರಿದೆ ಎಂಬ ಎಚ್ಚರಿಕೆಯ ಗಂಟೆ ಅದು. ಪರೀಕ್ಷಾ ನಳಿಕೆಯ ನೀರಿಗೆ ತಕ್ಕ ಮಾತ್ರೆಯನ್ನು ಹಾಕಿ, ಮೂಡುವ ಗುಲಾಬಿ ಬಣ್ಣವನ್ನು ಪಟ್ಟಿಯ ಬಣ್ಣಗಳೊಡನೆ ಹೋಲಿಸಿದರೆ ಉತ್ತರ ಸಿಗುತ್ತದೆ. ಇದಕ್ಕೆ ಬೇಕಾದುದು ಕೆಲವೇ ನಿಮಿಷಗಳು. ಪ್ರಯೋಗಾಲಯದ ಸೂಕ್ಷ್ಮಾಣು ಪರೀಕ್ಷೆಗೆ ಒಂದೆರಡು ದಿನಗಳು ಬೇಕಾಗುವುದರಿಂದ, ದಿನನಿತ್ಯದ ಕಾವಲಿಗೆ ಈ ಸಣ್ಣ ಪರೀಕ್ಷೆಯೇ ಆಧಾರ.

ಮಾದರಿ ಸಂಗ್ರಹದ ಶಿಸ್ತು

ಪ್ರಯೋಗಾಲಯವು ಎಷ್ಟೇ ಉತ್ತಮವಾಗಿರಲಿ, ತನ್ನ ಮೇಜಿಗೆ ಬಂದ ಸೀಸೆಯನ್ನು ಮಾತ್ರ ಅದು ಪರೀಕ್ಷಿಸಬಲ್ಲುದು. ಸೀಸೆಯನ್ನು ತುಂಬಿದವರು ತಪ್ಪಿದರೆ ವರದಿಯೂ ತಪ್ಪುತ್ತದೆ. ಸೂಕ್ಷ್ಮಾಣು ಪರೀಕ್ಷೆಗೆ ನಿರ್ಜಂತುಕಗೊಳಿಸಿದ ಸೀಸೆಯೇ ಬೇಕು. ನೀರಿನಲ್ಲಿರುವ ಕ್ಲೋರಿನ್ ದಾರಿಯಲ್ಲಿ ತನ್ನ ಕೆಲಸ ಮುಂದುವರಿಸಿ ಸುಳ್ಳು ಶುದ್ಧಿಯನ್ನು ತೋರಿಸದಂತೆ ತಡೆಯಲು ಅದರಲ್ಲಿ ಸೋಡಿಯಂ ಥಯೋಸಲ್ಫೇಟನ್ನು ಮೊದಲೇ ಹಾಕಿರುತ್ತಾರೆ. ಕೈಗಳನ್ನು ತೊಳೆದು, ನಲ್ಲಿಯ ಬಾಯನ್ನು ಶುಚಿಗೊಳಿಸಿ, ಎರಡು ಮೂರು ನಿಮಿಷ ನೀರನ್ನು ಹರಿಯಬಿಟ್ಟು, ಮುಚ್ಚಳದ ಒಳಭಾಗವನ್ನು ಮುಟ್ಟದೆ, ಕುಲುಕಲು ಸ್ವಲ್ಪ ಜಾಗ ಬಿಟ್ಟು ಸೀಸೆಯನ್ನು ತುಂಬಬೇಕು. ಮಂಜುಗಡ್ಡೆಯ ಪೆಟ್ಟಿಗೆಯಲ್ಲಿಟ್ಟು ಆದಷ್ಟು ಬೇಗ, 24 ಗಂಟೆಗಳನ್ನು ಮೀರದಂತೆ, ಪ್ರಯೋಗಾಲಯಕ್ಕೆ ಮುಟ್ಟಿಸಬೇಕು. ಸೀಸೆಯ ಮೇಲೆ ಸ್ಥಳ, ದಿನಾಂಕ, ಹೊತ್ತುಗಳನ್ನು ಬರೆಯದಿದ್ದರೆ ಪಟ್ಟ ಶ್ರಮವೆಲ್ಲ ವ್ಯರ್ಥ.

ಎಲ್ಲಿಂದ ತೆಗೆಯಬೇಕೆಂಬುದೂ ಅಷ್ಟೇ ಮುಖ್ಯ. ಕೊಳವೆ ಬಾವಿಯ ಬಾಯಲ್ಲಿ ಮಾತ್ರ ತೆಗೆದ ಮಾದರಿಯು ಬಾವಿಯ ಕಥೆಯನ್ನು ಹೇಳುತ್ತದೆ, ಊರಿನ ಕಥೆಯನ್ನಲ್ಲ. ನಮ್ಮಲ್ಲಿ ನೀರು ದಿನದಲ್ಲಿ ಕೆಲವೇ ಗಂಟೆ ಹರಿಯುತ್ತದೆ. ನೀರು ನಿಂತಾಗ ಕೊಳವೆಯೊಳಗಿನ ಒತ್ತಡ ಇಳಿದು, ಒಡಕು ಬಿರುಕುಗಳ ಮೂಲಕ ಹೊರಗಿನ ಚರಂಡಿಯ ನೀರು ಒಳಕ್ಕೆ ಸೆಳೆಯಲ್ಪಡುತ್ತದೆ. ನಲ್ಲಿಯನ್ನು ಕೆಳಮಟ್ಟದಲ್ಲಿ ಹಿಡಿಯಲೆಂದು ಮನೆಯ ಮುಂದೆ ತೋಡಿದ ಗುಂಡಿಯಲ್ಲಿ ನಿಂತ ಕೊಳಕೂ ಹೀಗೆಯೇ ಕೊಳವೆಯನ್ನು ಸೇರುತ್ತದೆ. ಆದುದರಿಂದ ಮೂಲದಲ್ಲಿ ಒಂದು, ತೊಟ್ಟಿಯಲ್ಲಿ ಒಂದು, ಕಟ್ಟಕಡೆಯ ನಲ್ಲಿಯಲ್ಲಿ ಒಂದು, ಹೀಗೆ ಮೂರೆಡೆಯ ಮಾದರಿಗಳನ್ನು ಹೋಲಿಸಿದರೆ ದೋಷವು ಎಲ್ಲಿ ಹುಟ್ಟಿತೆಂಬುದು ತಾನಾಗಿ ಹೊರಬೀಳುತ್ತದೆ.

ಹಳ್ಳಿಯಲ್ಲಿಯೇ ಮಾಡಬಹುದಾದ ಒಂದು ಸರಳ ಪರೀಕ್ಷೆಯನ್ನು ನಮ್ಮ ದೇಶದ ವಿಜ್ಞಾನಿಗಳಾದ ಮಂಜ, ಮೌರ್ಯ ಮತ್ತು ರಾವ್ ಅವರು 1982ರಲ್ಲಿ ಪ್ರಕಟಪಡಿಸಿದರು. ಔಷಧಿ ಸವರಿದ ಕಾಗದವಿರುವ ಪುಟ್ಟ ಸೀಸೆಗೆ ನೀರು ತುಂಬಿ ಒಂದೆರಡು ದಿನ ಬೆಚ್ಚಗಿನ ಜಾಗದಲ್ಲಿಟ್ಟರೆ, ಮಲಸಂಪರ್ಕವಿರುವ ನೀರು ಕಪ್ಪಾಗುತ್ತದೆ. ಇದು ಅಂತಿಮ ತೀರ್ಪಲ್ಲ, ಸಂಶಯದ ಸೂಚನೆ. ಆದರೂ ಕಪ್ಪಾದ ಸೀಸೆಯನ್ನು ಕಣ್ಣಾರೆ ಕಂಡ ಹಳ್ಳಿಯ ಜನಕ್ಕೆ ಬೇರೆ ವ್ಯಾಖ್ಯಾನ ಬೇಕಾಗುವುದಿಲ್ಲ.

ವಾಕರ್ಟನ್ ಊರಿನ ಪಾಠ

ಪರೀಕ್ಷೆ ನಡೆದೂ ವರದಿ ನಡೆಯದಿದ್ದರೆ ಏನಾಗುವುದೆಂಬುದಕ್ಕೆ ಕೆನಡಾ ದೇಶದ ಆಂಟೇರಿಯೋ ಪ್ರಾಂತ್ಯದ ವಾಕರ್ಟನ್ ಎಂಬ ಊರು ನಿದರ್ಶನವಾಗಿದೆ. ಸುಮಾರು 4,800 ಜನರ ಸಣ್ಣ ಊರು ಅದು. ಬಾವಿಗಳಿಂದ ನೀರೆತ್ತಿ, ಕ್ಲೋರಿನ್ ಬೆರೆಸಿ ಮನೆಮನೆಗೆ ಕೊಡುತ್ತಿದ್ದರು. ಅವುಗಳಲ್ಲಿ ಐದನೆಯ ಬಾವಿಯು ಆಳವಿಲ್ಲದ್ದು. ಅದರ ಬಳಿಯಲ್ಲಿಯೇ ಹೊಲವೊಂದಕ್ಕೆ ಸಗಣಿಗೊಬ್ಬರ ಹಾಕಿದ್ದರು. ಆ ರೈತನು ಸರಿಯಾದ ಪದ್ಧತಿಯನ್ನೇ ಅನುಸರಿಸಿದ್ದನೆಂದು ಮುಂದೆ ವಿಚಾರಣೆಯಲ್ಲಿ ತಿಳಿದುಬಂತು. 2000ನೆಯ ಇಸವಿಯ ಮೇ ತಿಂಗಳ ಎರಡನೆಯ ವಾರದಲ್ಲಿ ಭಾರೀ ಮಳೆ ಸುರಿಯಿತು. ಗೊಬ್ಬರದಲ್ಲಿದ್ದ ಈ ಕೋಲಿಯ ಉಗ್ರ ತಳಿಯೊಂದು ಬಾವಿಯನ್ನು ಸೇರಿತು.

ಆ ಊರಿನಲ್ಲಿ ಪ್ರತಿದಿನವೂ ಉಳಿಕೆ ಕ್ಲೋರಿನ್ನನ್ನು ಅಳೆದು ಬರೆಯಬೇಕೆಂಬ ನಿಯಮವಿತ್ತು. ನೌಕರರು ಬಹುಪಾಲು ದಿನಗಳಲ್ಲಿ ಅಳೆಯದೆಯೇ ಪುಸ್ತಕದಲ್ಲಿ ಅಂಕಿಗಳನ್ನು ತುಂಬುತ್ತಿದ್ದರು. ಅವರು ದುಷ್ಟರಲ್ಲ. ತಮ್ಮ ಊರಿನ ನೀರು ಒಳ್ಳೆಯದೆಂದು ಮನಸಾರೆ ನಂಬಿದ್ದವರು. ಕ್ಲೋರಿನ್ ಹಾಕದ ನೀರನ್ನು ತಾವೂ ಕುಡಿಯುತ್ತಿದ್ದವರು. ಕ್ಲೋರಿನ್ ವಾಸನೆಯೆಂದು ಊರಿನ ಜನ ಆಕ್ಷೇಪಿಸಿದಾಗ ಅದನ್ನು ಕಡಿಮೆ ಹಾಕುತ್ತಿದ್ದವರು. ಆ ನಂಬಿಕೆಯೇ ಅವರ ಕೈಯಿಂದ ಸುಳ್ಳನ್ನು ಬರೆಯಿಸಿತು.

ಮೇ 15ರಂದು ತೆಗೆದ ಮಾದರಿಗಳ ಫಲಿತಾಂಶವು 17ರಂದು ಬಂತು: ನೀರಿನಲ್ಲಿ ಈ ಕೋಲಿ ಇತ್ತು. ಪ್ರಯೋಗಾಲಯವು ಇದನ್ನು ನೀರು ಸರಬರಾಜಿನ ಮೇಲ್ವಿಚಾರಕನಿಗೆ ತಿಳಿಸಿತು. ಆರೋಗ್ಯಾಧಿಕಾರಿಗೆ ತಿಳಿಸಲಿಲ್ಲ, ಏಕೆಂದರೆ ಖಾಸಗಿ ಪ್ರಯೋಗಾಲಯವು ಹಾಗೆ ತಿಳಿಸಲೇಬೇಕೆಂಬ ಕಾನೂನು ಆಗ ಅಲ್ಲಿರಲಿಲ್ಲ. ಮರುದಿನ ಊರಿನ ಶಾಲೆಯೊಂದರಲ್ಲಿ ಅನೇಕ ಮಕ್ಕಳು ಗೈರುಹಾಜರಾದರು. 19ರಂದು ಆರೋಗ್ಯ ಇಲಾಖೆಯವರು ಸಂಶಯಗೊಂಡು ವಿಚಾರಿಸಿದಾಗ, ನೀರು ಸರಿಯಾಗಿದೆಯೆಂಬ ಉತ್ತರ ಬಂತು. ಪ್ರಯೋಗಾಲಯದ ಕಾಗದವು ಆ ವೇಳೆಗೆ ಎರಡು ದಿನಗಳಿಂದ ಮೇಲ್ವಿಚಾರಕನ ಬಳಿಯಿತ್ತು. ಇಲಾಖೆಯು ತನ್ನ ಹೊಣೆಯ ಮೇಲೆಯೇ 21ರಂದು, ನೀರನ್ನು ಕುದಿಸಿ ಕುಡಿಯಿರೆಂದು ಮುಖ್ಯವಾಗಿ ಸ್ಥಳೀಯ ರೇಡಿಯೋ ಮೂಲಕ ಸಾರಿತು. ಅದು ಎಲ್ಲರ ಕಿವಿಗೂ ಬೀಳಲಿಲ್ಲ. ಒಟ್ಟು ಏಳು ಜನ ಸತ್ತರು; ಸುಮಾರು 2,300 ಜನ ಕಾಯಿಲೆ ಬಿದ್ದರು. ಕೆಲವು ಮಕ್ಕಳ ಮೂತ್ರಪಿಂಡಗಳಿಗೆ ದೀರ್ಘಕಾಲದ ಹಾನಿಯಾಯಿತು.

ನ್ಯಾಯಮೂರ್ತಿ ಡೆನಿಸ್ ಓಕಾನರ್ ಅವರ ವಿಚಾರಣಾ ವರದಿ 2002ರಲ್ಲಿ ಪ್ರಕಟವಾಯಿತು. ಐದನೆಯ ಬಾವಿಗೆ ಕ್ಲೋರಿನ್ನನ್ನು ಎಡೆಬಿಡದೆ ಅಳೆಯುವ ಉಪಕರಣವನ್ನು ಕೂಡಿಸಿದ್ದರೆ ಈ ಅನಾಹುತವೇ ಆಗುತ್ತಿರಲಿಲ್ಲವೆಂದೂ, ಎಚ್ಚರಿಕೆಯು 19ರಂದೇ ಹೊರಬಿದ್ದಿದ್ದರೆ 300ರಿಂದ 400 ಜನ ಕಾಯಿಲೆಯಿಂದ ಪಾರಾಗುತ್ತಿದ್ದರೆಂದೂ ಅವರು ನಿರ್ಣಯಿಸಿದರು. ಎರಡು ದಿನಗಳ ಮೌನದ ಬೆಲೆ ಇಷ್ಟು. ಆಂಟೇರಿಯೋ ಸರ್ಕಾರವು 2000ದ ಆಗಸ್ಟ್‌ನಲ್ಲಿಯೇ ನಿಯಮಗಳನ್ನು ಬಿಗಿಗೊಳಿಸಿ, 2002ರಲ್ಲಿ ಸುರಕ್ಷಿತ ಕುಡಿಯುವ ನೀರಿನ ಕಾಯಿದೆಯನ್ನೇ ತಂದಿತು. ಕೆಟ್ಟ ಫಲಿತಾಂಶವನ್ನು ಆರೋಗ್ಯಾಧಿಕಾರಿಗೆ ಒಡನೆಯೇ ತಿಳಿಸುವುದು ಪ್ರಯೋಗಾಲಯಕ್ಕೂ ಕಡ್ಡಾಯವಾಯಿತು.

ವರದಿಯು ಯಾರಿಗೆ ಸೇರಬೇಕು?

ಇದೇ ತತ್ವವನ್ನು ಅಮೆರಿಕದ ಸಂಯುಕ್ತ ಸಂಸ್ಥಾನಗಳು ಇನ್ನೂ ಮೊದಲೇ ಕಾನೂನಾಗಿಸಿದ್ದುವು. 1974ರ ಕುಡಿಯುವ ನೀರಿನ ಕಾಯಿದೆಯಂತೆ, 15 ಸಂಪರ್ಕಗಳಿಗಾಗಲಿ 25 ಜನರಿಗಾಗಲಿ ವರ್ಷದಲ್ಲಿ 60 ದಿನವಾದರೂ ನೀರು ಕೊಡುವ ಯಾವುದೇ ವ್ಯವಸ್ಥೆಯು ಸಾರ್ವಜನಿಕ ವ್ಯವಸ್ಥೆಯೆನಿಸುತ್ತದೆ. ಸ್ವಂತ ಬಾವಿಯುಳ್ಳ ಶಾಲೆಯೂ ಇದರೊಳಗೆ ಬರುತ್ತದೆ. ಪ್ರಾಣಕ್ಕೆ ತಕ್ಷಣದ ಅಪಾಯವಿರುವ ದೋಷ ಕಂಡರೆ 24 ಗಂಟೆಗಳೊಳಗೆ ಬಳಕೆದಾರರಿಗೆ ತಿಳಿಸಬೇಕು. ಅಷ್ಟು ತುರ್ತಿಲ್ಲದವಕ್ಕೆ 30 ದಿನ. ಪರೀಕ್ಷೆಯನ್ನು ಮಾಡದೆ ಬಿಟ್ಟರೆ, ಬಿಟ್ಟೆವೆಂಬುದನ್ನೂ ತಿಳಿಸಬೇಕು. 1998ರಲ್ಲಿ ರೂಪುಗೊಂಡ ನಿಯಮದಂತೆ, ವರ್ಷವಿಡೀ ನೀರಿನಲ್ಲಿ ಏನೇನು ಕಂಡುಬಂತೆಂಬ ವರದಿಯನ್ನು ಸಾಮಾನ್ಯರಿಗೆ ಅರ್ಥವಾಗುವ ಭಾಷೆಯಲ್ಲಿ ಅವರಿಗೆ ಮುಟ್ಟಿಸಬೇಕು. ಇಷ್ಟಿದ್ದರೂ ಆ ದೇಶದಲ್ಲಿ ಲೋಪಗಳಾಗಿಲ್ಲವೆಂದಲ್ಲ. 2014ರಲ್ಲಿ ಮಿಷಿಗನ್ ರಾಜ್ಯದ ಫ್ಲಿಂಟ್ ನಗರದಲ್ಲಿ ನೀರಿನ ಮೂಲವನ್ನು ಬದಲಾಯಿಸಿದ ಬಳಿಕ ಹಳೆಯ ಕೊಳವೆಗಳ ಸೀಸವು ನೀರಿಗಿಳಿಯಿತು. ಜನರ ದೂರುಗಳನ್ನು ಅಧಿಕಾರಿಗಳು ತಿಂಗಳುಗಟ್ಟಲೆ ತಳ್ಳಿಹಾಕಿದರು. ಕಾನೂನು ದಾರಿಯನ್ನು ತೋರಿಸಬಲ್ಲುದು; ನಡೆಯಬೇಕಾದವರು ಮನುಷ್ಯರೇ.

ನಮ್ಮ ದೇಶದಲ್ಲಿ 2019ರ ಆಗಸ್ಟ್ 15ರಂದು ಘೋಷಿತವಾದ ಜಲಜೀವನ ಮಿಷನ್ ಯೋಜನೆಯು ಮನೆಮನೆಗೆ ನಲ್ಲಿಯನ್ನು ಕೊಡುವುದರ ಜೊತೆಗೆ ಪರೀಕ್ಷೆಗೂ ಸ್ಥಾನ ಕೊಟ್ಟಿತು. ನೀರಿನ ಮೂಲಗಳಿಗೆ ವರ್ಷಕ್ಕೊಮ್ಮೆ ರಾಸಾಯನಿಕ ಪರೀಕ್ಷೆ, ಮಳೆಗಾಲಕ್ಕೆ ಮುಂಚೆ ಮತ್ತು ನಂತರ ಎರಡು ಬಾರಿ ಸೂಕ್ಷ್ಮಾಣು ಪರೀಕ್ಷೆ ನಡೆಯಬೇಕೆಂಬುದು ಅದರ ಮಾರ್ಗಸೂಚಿ. ಪ್ರತಿ ಗ್ರಾಮದಲ್ಲಿ ಐವರು ಮಹಿಳೆಯರಿಗೆ ಪರೀಕ್ಷಾ ಪೆಟ್ಟಿಗೆಯ ಬಳಕೆಯನ್ನು ಕಲಿಸುವ ಏರ್ಪಾಡನ್ನೂ, ಸರ್ಕಾರಿ ಪ್ರಯೋಗಾಲಯಗಳನ್ನು ಸಾರ್ವಜನಿಕರಿಗೆ ತೆರೆಯುವ ಏರ್ಪಾಡನ್ನೂ ಅದು ಮಾಡಿತು. ನೀರನ್ನು ಹೊತ್ತು ತರುವ ಕೈಗಳಿಗೇ ಅದನ್ನು ಅಳೆಯುವ ಅಧಿಕಾರ ಸಲ್ಲುವುದು ನ್ಯಾಯವೇ ಸರಿ. ಆದರೆ ಫಲಿತಾಂಶವು ಕಡತವನ್ನು ಸೇರುವಷ್ಟು ಸುಲಭವಾಗಿ ಬೀದಿಯನ್ನು ಸೇರುವುದಿಲ್ಲ. ನಮ್ಮ ಊರುಗಳ ನೀರಿನ ತೊಟ್ಟಿಗಳ ಮೇಲೆ ತೊಳೆದ ದಿನಾಂಕವನ್ನು ಬಣ್ಣದಲ್ಲಿ ಬರೆಯುವ ಒಳ್ಳೆಯ ರೂಢಿಯಿದೆ. ಅದರ ಕೆಳಗೆ ಪರೀಕ್ಷಿಸಿದ ದಿನಾಂಕವನ್ನೂ ಫಲಿತಾಂಶವನ್ನೂ ಬರೆಯಲು ಹೆಚ್ಚಿನ ಬಣ್ಣವೇನೂ ಬೇಕಾಗದು.

ಒಳ್ಳೆಯ ವರದಿಯಲ್ಲಿ ಐದು ಅಂಶಗಳಿದ್ದರೆ ಸಾಕು: ಮಾದರಿಯನ್ನು ಎಲ್ಲಿಂದ ತೆಗೆದರು, ಎಂದು ತೆಗೆದರು, ಏನು ಕಂಡುಬಂತು, ಮಾನಕದ ಮಿತಿ ಎಷ್ಟು, ಈಗ ಜನರು ಮಾಡಬೇಕಾದುದೇನು. ಕೊನೆಯದು ಎಲ್ಲಕ್ಕಿಂತ ಮುಖ್ಯವಾದುದು. ಈ ಕೋಲಿ ಕಂಡರೆ ನೀರನ್ನು ಚೆನ್ನಾಗಿ ಕುದಿಸಿ ಕುಡಿಯಿರೆಂದು ಹೇಳಬೇಕು. ಫ್ಲೋರೈಡ್ ಹೆಚ್ಚಿದ್ದರೆ ಕುದಿಸುವುದರಿಂದ ಪ್ರಯೋಜನವಿಲ್ಲ, ಅಡುಗೆಗೂ ಕುಡಿಯುವುದಕ್ಕೂ ಬೇರೆ ನೀರನ್ನು ಬಳಸಿರೆಂದು ಹೇಳಬೇಕು. ಅಂಕಿಯನ್ನು ಮಾತ್ರ ಬರೆದು ಸುಮ್ಮನಾದ ವರದಿಯು ಓದಲಾಗದ ಔಷಧಿಚೀಟಿಯಂತೆ.

ವಿದ್ಯಾಸಂಸ್ಥೆಗಳ ಹೊಣೆ

ನೂರಾರು ಮಕ್ಕಳು ಊಟ ಮಾಡಿ ಮಲಗುವ ಪ್ರಸಾದನಿಲಯವು ತಾನೇ ಒಂದು ಪುಟ್ಟ ಊರು. ಅಲ್ಲಿನ ಕೊಳವೆ ಬಾವಿ, ತೊಟ್ಟಿ, ನಲ್ಲಿಗಳು ಒಂದು ಪುಟ್ಟ ಸಾರ್ವಜನಿಕ ವ್ಯವಸ್ಥೆ. ಮಗುವನ್ನು ತಂದು ಬಿಟ್ಟುಹೋದ ತಂದೆತಾಯಿಗಳು ಅಲ್ಲಿನ ಅನ್ನವನ್ನು ನಂಬಿದಂತೆಯೇ ನೀರನ್ನೂ ನಂಬಿರುತ್ತಾರೆ. ಆ ನಂಬಿಕೆಗೆ ಪ್ರತಿಯಾಗಿ ನಾವು ಮಾಡಬೇಕಾದ ಕೆಲಸಗಳು ದೊಡ್ಡವೇನಲ್ಲ. ತೊಟ್ಟಿಯನ್ನು ತೊಳೆಸಿದ ದಿನ, ಪ್ರತಿದಿನದ ಉಳಿಕೆ ಕ್ಲೋರಿನ್, ಮಳೆಗಾಲದ ಹಿಂದು ಮುಂದಿನ ಸೂಕ್ಷ್ಮಾಣು ಪರೀಕ್ಷೆ, ವರ್ಷಕ್ಕೊಮ್ಮೆ ರಾಸಾಯನಿಕ ಪರೀಕ್ಷೆ, ಇವಿಷ್ಟನ್ನೂ ಒಂದು ಪುಸ್ತಕದಲ್ಲಿ ಬರೆದಿಟ್ಟು, ಅದರ ಸಾರವನ್ನು ಪ್ರಕಟಣಾ ಫಲಕದ ಮೇಲೆ ಹಾಕುವುದು. ವಿಜ್ಞಾನದ ಅಧ್ಯಾಪಕರು ಹಿರಿಯ ತರಗತಿಯ ವಿದ್ಯಾರ್ಥಿಗಳಿಂದಲೇ ಕ್ಲೋರಿನ್ ಪರೀಕ್ಷೆಯನ್ನು ಮಾಡಿಸಬಹುದು. ಅಳೆಯದ ದಿನ ಅಂಕಿಯನ್ನು ಬರೆಯಬಾರದು, ಆ ಮನೆಯನ್ನು ಖಾಲಿ ಬಿಡಬೇಕು ಎಂಬ ಪಾಠವನ್ನು ಅವರು ಆಗ ಕಲಿಯುತ್ತಾರೆ. ಈ ಒಂದು ಪಾಠವನ್ನು ಕಲಿತಿದ್ದರೆ ವಾಕರ್ಟನ್ನಿನ ಆ ನೌಕರರು ತಮ್ಮ ನೆರೆಹೊರೆಯವರನ್ನು ಉಳಿಸಿಕೊಳ್ಳಬಹುದಾಗಿತ್ತು. ಒಂದೇ ದಿನ ಹಲವು ಮಕ್ಕಳು ಹೊಟ್ಟೆನೋವೆಂದು ತರಗತಿಗೆ ಬಾರದಿದ್ದರೆ, ಹಾಜರಿ ಪುಸ್ತಕವೂ ಒಂದು ನೀರಿನ ವರದಿಯೆಂದು ಬಗೆದು ಒಡನೆಯೇ ವಿಚಾರಿಸಬೇಕು.

ನೀರು ಕೆಟ್ಟಿದೆಯೆಂದು ಫಲಕದ ಮೇಲೆ ಬರೆದರೆ ಸಂಸ್ಥೆಯ ಹೆಸರಿಗೆ ಕುಂದೆಂದು ಕೆಲವರು ಅಂಜಬಹುದು. ವಿಚಾರಿಸಿ ನೋಡಿದರೆ ಕುಂದು ಇರುವುದು ಮುಚ್ಚಿಡುವುದರಲ್ಲಿ. ದೋಷವನ್ನು ತಾನೇ ಕಂಡುಹಿಡಿದು, ತಾನೇ ಹೇಳಿ, ತಾನೇ ಸರಿಪಡಿಸಿದ ಸಂಸ್ಥೆಯ ಮಾತನ್ನು ಜನರು ಮುಂದೆಯೂ ನಂಬುತ್ತಾರೆ.

ದಾನಿಗಳಲ್ಲಿ ಒಂದು ಬಿನ್ನಹ. ಬಾವಿಯನ್ನೋ ತೊಟ್ಟಿಯನ್ನೋ ಕೊಡುವ ಮಹನೀಯರು ಅದರೊಡನೆ ಹತ್ತು ವರ್ಷಗಳ ಪರೀಕ್ಷೆಯ ವೆಚ್ಚವನ್ನೂ ಕೊಡುವ ಮನಸ್ಸು ಮಾಡಲಿ. ಆ ದಾನಕ್ಕೆ ಹೆಸರಿನ ಕಲ್ಲು ಇರಲಾರದು. ಆದರೆ ಕಾಯಿಲೆ ಬೀಳದೆ ಉಳಿದ ಮಕ್ಕಳು, ಕಂದು ಪಟ್ಟೆಯಿಲ್ಲದೆ ನಗುವ ಮಕ್ಕಳು, ತಾವು ಯಾವುದರಿಂದ ಪಾರಾದೆವೆಂಬುದನ್ನು ಅರಿಯದೆಯೇ ಬೆಳೆದು ದೊಡ್ಡವರಾಗುತ್ತಾರೆ. ಹಿಂದಿನವರು ದಾರಿಯ ಬದಿಯಲ್ಲಿ ಇಡಿಸಿದ ಅರವಟ್ಟಿಗೆಯಲ್ಲಿ ನೀರು ಕುಡಿದ ದಾರಿಹೋಕರೂ ಕೊಟ್ಟವರ ಹೆಸರನ್ನು ಕೇಳುತ್ತಿರಲಿಲ್ಲ. ನೀರು ತಂಪಾಗಿದೆಯೆಂದು ಕುಡಿದು ಮುಂದೆ ನಡೆಯುತ್ತಿದ್ದರು.